ಹಿತ್ತಲ ಕೋಳಿಗಳೂ ನುಸಿಯ ಪೀಡೆಯೂ

ಪಟ್ಟಣದ ಮನೆಯ ಹಿತ್ತಲಿನಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಿಕೊಂಡಿರುವವರು ಹೇಳಿಕೊಳ್ಳುವ ದೂರು ಬಹುಮಟ್ಟಿಗೆ ಒಂದೇ ವಿಧವಾಗಿರುವುದು. ಕಾಳು ಹಾಕುವುದರಲ್ಲಿ ಕಡಮೆಯಿಲ್ಲ, ನೀರಿಗೆ ಕೊರತೆಯಿಲ್ಲ. ಆದರೂ ವಾರಕ್ಕೆ ಐದಾರು ಮೊಟ್ಟೆಗಳನ್ನಿಡುತ್ತಿದ್ದ ಹೇಂಟೆಯು ಒಂದೆರಡಕ್ಕೆ ಇಳಿದಿದೆ. ಕೆಂಪಗೆ ಹೊಳೆಯುತ್ತಿದ್ದ ಜುಟ್ಟು ಬಿಳಿಚಿಕೊಂಡಿದೆ. ಸಂಜೆಯಾಯಿತೆಂದರೆ ತಾನಾಗಿಯೇ ಗೂಡನ್ನು ಸೇರುತ್ತಿದ್ದ ಕೋಳಿಯು ಈಗ ಗೂಡಿನ ಬಾಗಿಲವರೆಗೆ ಬಂದು, ಒಳಗೆ ಇಣಿಕಿ ನೋಡಿ, ಹಿಂದಿರುಗಿ ನುಗ್ಗೆಯ ಮರವನ್ನೇರಿ ಕೂರುತ್ತದೆ. ಮನೆಯ ಹಿರಿಯರು ದೃಷ್ಟಿ ತಾಕಿತೆನ್ನುವರು. ನೆರೆಯವರು ಕಾಳನ್ನು ಬದಲಿಸಿರೆಂದು ಸಲಹೆ ಕೊಡುವರು. ಅಂಗಡಿಯವನು ಯಾವುದೋ ಟಾನಿಕ್ಕಿನ ಸೀಸೆಯನ್ನು ಮಾರಿ ಕಳುಹಿಸುವನು. ಹಗಲಿನಲ್ಲಿ ಕೋಳಿಯನ್ನು ಹಿಡಿದು ರೆಕ್ಕೆ ಪುಕ್ಕಗಳನ್ನೆಲ್ಲ ಬಿಡಿಸಿ ನೋಡಿದರೂ ಏನೂ ಕಾಣಬರುವುದಿಲ್ಲ.

ಇಂಥ ಸಂದರ್ಭದಲ್ಲಿ ಮನುಷ್ಯರ ಮಾತಿಗಿಂತ ಕೋಳಿಯ ನಡತೆಯನ್ನು ನಂಬುವುದು ಮೇಲೆಂದು ನಮಗೆ ತೋರುತ್ತದೆ. ರಾತ್ರಿಯ ಭಯಕ್ಕೆ ಆಶ್ರಯವಾದ ಗೂಡನ್ನು ಬಿಟ್ಟು, ಬೆಕ್ಕು ಮುಂಗುಸಿಗಳ ಅಪಾಯಕ್ಕೆ ಒಡ್ಡಿಕೊಂಡು, ಅದು ಮರವನ್ನೇರುವುದಾದರೆ ಗೂಡಿನೊಳಗೆ ಅದಕ್ಕಿಂತಲೂ ಹೆಚ್ಚಿನ ಹಿಂಸೆಯೊಂದು ಇರಬೇಕು. ಬಹು ಸಂದರ್ಭಗಳಲ್ಲಿ ಆ ಹಿಂಸೆಯ ಹೆಸರು ನುಸಿ.

ನುಸಿಯೆಂಬ ಮಾತನ್ನು ನಮ್ಮವರು ಸಣ್ಣ ಹುಳುಗಳಿಗೆಲ್ಲ ಸಲ್ಲಿಸುವುದುಂಟಾದ್ದರಿಂದ ಇಲ್ಲಿ ಸ್ವಲ್ಪ ವಿವರಣೆ ಅವಶ್ಯಕ. ಕೋಳಿಯ ಮೈಮೇಲೆ ಹಗಲೂ ಇರುಳೂ ಓಡಾಡುತ್ತ, ಕಣ್ಣಿಗೆ ಸುಲಭವಾಗಿ ಕಾಣುವ, ಗೋಧಿಬಣ್ಣದ ಚಪ್ಪಟೆಯ ಹುಳುವಿಗೆ ಹೇನು ಅಥವಾ ಕೂರೆಯೆಂದು ಹೆಸರು. ಅದು ಆರು ಕಾಲಿನ ಕೀಟ, ಮುಖ್ಯವಾಗಿ ಪುಕ್ಕವನ್ನೂ ಚರ್ಮದ ಹೊಟ್ಟನ್ನೂ ತಿಂದು ಬದುಕುವುದು. ಉಣ್ಣೆಯು ಅದಕ್ಕಿಂತ ದೊಡ್ಡದು. ನಾವೀಗ ಹೇಳುತ್ತಿರುವ ನುಸಿಯಾದರೋ ಕೀಟವೇ ಅಲ್ಲ. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ ಎಂಟು ಕಾಲಿನ ಪ್ರಾಣಿ. ಅದರ ಉದ್ದ ಒಂದು ಮಿಲಿಮೀಟರನ್ನು ಮೀರುವುದು ಅಪರೂಪ. ಅಷ್ಟು ಸಣ್ಣ ಪ್ರಾಣಿಯಲ್ಲಿಯೂ ನಮ್ಮ ಕೋಳಿಗಳನ್ನು ಪೀಡಿಸತಕ್ಕವು ಮುಖ್ಯವಾಗಿ ಮೂರು ಪಂಗಡ. ಒಂದು ಗೂಡಿನಲ್ಲಿ ವಾಸಿಸುವುದು, ಇನ್ನೊಂದು ಕೋಳಿಯ ಮೈಮೇಲೆ ವಾಸಿಸುವುದು, ಮೂರನೆಯದು ಕಾಲಿನ ಚರ್ಮದೊಳಗೇ ಬಿಲ ತೋಡಿಕೊಂಡು ವಾಸಿಸುವುದು. ಶತ್ರುವಿನ ವಾಸಸ್ಥಳವಾವುದೆಂದು ತಿಳಿಯದೆ ಔಷಧವನ್ನು ತಂದವರು ಹಣವನ್ನೂ ಕಳೆದುಕೊಳ್ಳುವರು, ಅನೇಕ ವೇಳೆ ಕೋಳಿಯನ್ನೂ ಕಳೆದುಕೊಳ್ಳುವರು.

ಮೊದಲನೆಯ ಪಂಗಡವಾದ ಕೆಂಪು ನುಸಿಯನ್ನು ತಿಳಿಯಬೇಕಾದರೆ ನಮ್ಮ ಹಳೆಯ ಮಂಚಗಳ ತಿಗಣೆಯನ್ನು ನೆನೆದುಕೊಂಡರೆ ಸಾಕು. ತಿಗಣೆಯು ಹಗಲೆಲ್ಲ ಮಂಚದ ಸಂದಿಯಲ್ಲಿ ಅಡಗಿದ್ದು, ದೀಪವಾರಿದ ಮೇಲೆ ಹೊರಬಂದು, ರಕ್ತವನ್ನು ಹೀರಿ, ಬೆಳಗಾಗುವುದರೊಳಗೆ ಮರಳಿ ಸಂದಿಯನ್ನು ಸೇರುವುದಷ್ಟೆ. ಕೆಂಪು ನುಸಿಯ ದಿನಚರಿಯೂ ಹಾಗೆಯೇ. ಅಡ್ಡಗೋಲು ಗೋಡೆಗೆ ಸೇರುವ ಸಂದು, ಹಲಗೆಯ ಬಿರುಕು, ಮೊಟ್ಟೆಯಿಡುವ ಪೆಟ್ಟಿಗೆಯ ತಳ, ಒಣಗಿದ ಹಿಕ್ಕೆಯ ಹೆಪ್ಪು, ಇವು ಅದರ ಹಗಲಿನ ಮನೆಗಳು. ರಾತ್ರಿಯಲ್ಲಿ ಒಂದು ಗಂಟೆಯೋ ಅದಕ್ಕಿಂತ ಸ್ವಲ್ಪ ಹೆಚ್ಚಾಗಿಯೋ ಕೋಳಿಯ ಮೈಮೇಲಿದ್ದು ಹೊಟ್ಟೆ ತುಂಬಿಸಿಕೊಂಡು ಅದು ಇಳಿದುಹೋಗುವುದು. ರಕ್ತ ಕುಡಿಯುವುದಕ್ಕೆ ಮುಂಚೆ ಬೂದುಬಣ್ಣ, ಕುಡಿದ ಮೇಲೆ ಕೆಂಪು. ಸ್ವೀಡನ್ನಿನ ನಿಸರ್ಗಶಾಸ್ತ್ರಜ್ಞನಾದ ಡೆ ಗೀರನು ೧೭೭೮ರಲ್ಲಿ ಇದನ್ನು ವರ್ಣಿಸಿದನು. ಶಾಸ್ತ್ರಜ್ಞರು ಇದನ್ನು ಡರ್ಮನಿಸಸ್ ಗ್ಯಾಲಿನೇ ಎಂದು ಕರೆಯುವರು. ಹೆಣ್ಣು ನುಸಿಯು ಒಂದು ಸಲ ರಕ್ತ ಕುಡಿದರೆ ನಾಲ್ಕರಿಂದ ಎಂಟು ಮೊಟ್ಟೆಗಳನ್ನು ಸಂದಿಯಲ್ಲಿಯೇ ಇಡುವುದು. ಅವು ಎರಡು ಮೂರು ದಿನಗಳಲ್ಲಿ ಒಡೆದು, ಹವೆಯು ಬೆಚ್ಚಗಿದ್ದರೆ ಏಳೆಂಟು ದಿನಗಳಲ್ಲಿಯೇ ಮರಿಯು ತಾಯಿಯಾಗುವುದು. ಹೀಗೆ ಒಂದು ಬೇಸಗೆಯಲ್ಲಿ ಎಷ್ಟು ತಲೆಮಾರುಗಳಾಗಬಹುದೆಂಬುದನ್ನು ಶ್ರೋತೃಗಳೇ ಲೆಕ್ಕ ಹಾಕಬಹುದು. ಇದಕ್ಕಿಂತಲೂ ಗಮನಾರ್ಹವಾದುದು ಅದರ ಉಪವಾಸದ ಶಕ್ತಿ. ತಂಪಾದ, ತೇವವುಳ್ಳ ಸ್ಥಳದಲ್ಲಿ ಆಹಾರವಿಲ್ಲದೆ ಎಂಟು ಒಂಬತ್ತು ತಿಂಗಳವರೆಗೆ ಅದು ಜೀವಿಸಿರಬಲ್ಲದು. ಗೂಡನ್ನು ಹದಿನೈದು ದಿನ ಖಾಲಿ ಬಿಟ್ಟರೆ ಪೀಡೆ ತಾನಾಗಿ ತೊಲಗೀತೆಂಬ ಆಸೆಯು ಎಷ್ಟು ವ್ಯರ್ಥವೆಂಬುದು ಇದರಿಂದ ತಿಳಿದುಬರುವುದು.

ಇಂಥ ನುಸಿಗಳು ಸಾವಿರಗಟ್ಟಲೆಯಾಗಿ ಸೇರಿದಾಗ ಒಂದು ಕೋಳಿಯು ಒಂದು ರಾತ್ರಿಯಲ್ಲಿ ತನ್ನ ರಕ್ತದಲ್ಲಿ ನೂರಕ್ಕೆ ಮೂರು ಪಾಲನ್ನು ಕಳೆದುಕೊಳ್ಳಬಹುದೆಂದು ಯೂರೋಪಿನ ತಜ್ಞರು ಅಂದಾಜು ಮಾಡಿರುವರು. ದೊಡ್ಡ ಕೋಳಿಯು ಬಿಳಿಚಿಕೊಂಡು ಸೊರಗಿ ನಿಂತರೆ, ಎಳೆಯ ಮರಿಯು ಸತ್ತೇ ಹೋಗುವುದು. ಕೋಳಿಗಳ ಟೈಫಾಯಿಡ್ ಜ್ವರಕ್ಕೆ ಕಾರಣವಾದ ರೋಗಾಣುವನ್ನು ಒಂದರಿಂದ ಒಂದಕ್ಕೆ ಸಾಗಿಸುವುದರಲ್ಲಿಯೂ ಈ ನುಸಿಯ ಪಾತ್ರವಿರುವುದು ಕಂಡುಬಂದಿದೆ. ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಕಾವಿಗೆ ಕುಳಿತ ಹೇಂಟೆಯದು. ಇಪ್ಪತ್ತೊಂದು ದಿನಗಳ ಕಾಲ ಅದು ಒಂದೇ ಮಂಕರಿಯಲ್ಲಿ, ಕತ್ತಲಾದ ಮೂಲೆಯಲ್ಲಿ, ಬೆಚ್ಚಗೆ ಕುಳಿತಿರುವುದು. ಹೊರಗೆ ಬಂದು ಧೂಳಿನಲ್ಲಿ ಹೊರಳಾಡುವುದಕ್ಕೂ ಅದಕ್ಕೆ ಬಿಡುವಿಲ್ಲ. ನುಸಿಗೆ ಇದಕ್ಕಿಂತ ಅನುಕೂಲವಾದ ಛತ್ರವಿನ್ನಾವುದು? ಹದಿನೈದು ಹದಿನಾರನೆಯ ದಿನ ಹೇಂಟೆಯು ಕಾವನ್ನು ಬಿಟ್ಟೆದ್ದಿತೆಂದು, ಮೊಟ್ಟೆಗಳೆಲ್ಲ ಕೆಟ್ಟುವೆಂದು, ಅದನ್ನು ಕೆಟ್ಟ ತಾಯಿಯೆಂದು ಬೈದು ಸಾರಿಗೆ ಕಳುಹಿಸುವ ಮನೆಗಳುಂಟು. ಮಂಕರಿಯ ಹುಲ್ಲನ್ನು ಒಮ್ಮೆ ಬಿಳಿಯ ಬಟ್ಟೆಯ ಮೇಲೆ ಕೊಡವಿ ನೋಡಿದ್ದರೆ ತಪ್ಪಿತಸ್ಥರು ಯಾರೆಂದು ಗೊತ್ತಾಗುತ್ತಿತ್ತು.

ಇನ್ನು ಪರೀಕ್ಷೆಯ ವಿಧಾನ. ಇದಕ್ಕೆ ಬೇಕಾದುದು ಒಂದು ಟಾರ್ಚು ಮತ್ತು ಒಂದು ಹಾಳೆ ಬಿಳಿಯ ಕಾಗದ ಮಾತ್ರ. ಕತ್ತಲಾಗಿ ಎರಡು ಮೂರು ಗಂಟೆಯಾದ ಮೇಲೆ ಸದ್ದಿಲ್ಲದೆ ಗೂಡಿನ ಬಳಿಗೆ ಹೋಗಿ, ಕೋಳಿಗಳು ಕುಳಿತಿರುವ ಅಡ್ಡಗೋಲಿನ ಕೆಳಮೈಯನ್ನು ಕಾಗದದಿಂದ ಒತ್ತಿ ಒರಸಬೇಕು. ಕಾಗದದ ಮೇಲೆ ಕೆಂಪು ಗೆರೆಗಳು ಮೂಡಿದರೆ ಸಂದೇಹಕ್ಕೆ ಎಡೆಯಿಲ್ಲ. ಅದು ನಿಮ್ಮ ಕೋಳಿಯ ರಕ್ತವೇ. ಹಗಲಿನಲ್ಲಿ ನೋಡುವವರು ಅಡ್ಡಗೋಲಿನ ತುದಿಗಳನ್ನು ಗೂಡಿನಿಂದ ಬಿಡಿಸಿ ನೋಡತಕ್ಕುದು. ಉಪ್ಪು ಮೆಣಸಿನ ಪುಡಿಗಳನ್ನು ಬೆರಸಿ ಚೆಲ್ಲಿದಂತೆ ಬೂದುಬಣ್ಣದ ಹುಡಿಯು ಕಂಡರೆ ಅದು ನುಸಿಗಳ ಪೊರೆ, ಮೊಟ್ಟೆ ಮತ್ತು ಮಲ. ಮೊಟ್ಟೆಯ ಚಿಪ್ಪಿನ ಮೇಲೆ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿರುವುದೂ ಒಂದು ಗುರುತು. ರಕ್ತ ತುಂಬಿದ ನುಸಿಗಳು ಕೋಳಿಯ ಭಾರಕ್ಕೆ ಸಿಕ್ಕಿ ಜಜ್ಜಿಹೋದ ಕಲೆಗಳವು. ಪೀಡೆಯು ಇನ್ನೂ ಅಲ್ಪವಾಗಿರುವಾಗಲೇ ಹಿಡಿಯಬೇಕೆನ್ನುವವರು, ಸಾಮಾನು ಕಟ್ಟಿ ಬರುವ ಸುಕ್ಕುರಟ್ಟಿನ ಒಂದು ತುಂಡನ್ನು ಸುರುಳಿ ಮಾಡಿ ಅಡ್ಡಗೋಲಿನ ಕೆಳಗೆ ಕಟ್ಟಿ, ನಾಲ್ಕೈದು ದಿನಗಳಾದ ಮೇಲೆ ಬಿಚ್ಚಿ ನೋಡಲಿ. ಆ ರಟ್ಟಿನ ಕೊಳವೆಗಳು ನುಸಿಗೆ ಬಹು ಪ್ರಿಯವಾದ ಮನೆಗಳು. ನೋಡಿದ ಮೇಲೆ ಅದನ್ನು ಸುಟ್ಟುಹಾಕಬೇಕೆಂದು ಬೇರೆ ಹೇಳಬೇಕಾದುದಿಲ್ಲ.

ಕೆಂಪು ನುಸಿಯೆಂದು ಗೊತ್ತಾದ ಮೇಲೆ ಚಿಕಿತ್ಸೆಯು ನಡೆಯಬೇಕಾದುದು ಕೋಳಿಗಲ್ಲ, ಗೂಡಿಗೆ. ಬೆಳಿಗ್ಗೆ ಕೋಳಿಗಳನ್ನು ಹೊರಗೆ ಬಿಟ್ಟು, ಒಳಗಿನ ಹುಲ್ಲು, ಮರದ ಹೊಟ್ಟು, ಹಿಕ್ಕೆಗಳನ್ನೆಲ್ಲ ತೆಗೆದು, ಅದೇ ದಿನ ಸುಡುವುದು ಅಥವಾ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸಾಗಿಸುವುದು ಮೊದಲನೆಯ ಕೆಲಸ. ತಿಪ್ಪೆಗೆ ಎಸೆದುಬಿಟ್ಟರೆ ಅಲ್ಲಿಯೇ ಕೆದಕಲು ಹೋಗುವ ಕೋಳಿಗಳು ಅದನ್ನು ಮತ್ತೆ ಮನೆಗೆ ಕರೆತರುವುವು. ಬಳಿಕ ಅಡ್ಡಗೋಲುಗಳನ್ನೂ ಪೆಟ್ಟಿಗೆಗಳನ್ನೂ ಬಿಚ್ಚಿ ಹೊರಗೆ ತಂದು, ಹಳೆಯ ಚಾಕುವಿನಿಂದ ಸಂದುಗೊಂದುಗಳನ್ನು ಹೆರೆದು, ಅವುಗಳ ಮೇಲೆ ಕುದಿಯುವ ನೀರನ್ನು ಸುರಿಯಬೇಕು. ನಲವತ್ತೈದು ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಶಾಖವು ನುಸಿಗೆ ಮಾರಕ. ಯೂರೋಪಿನ ಕೆಲವು ದೇಶಗಳಲ್ಲಿ ದೊಡ್ಡ ಕೋಳಿಮನೆಗಳನ್ನೇ ಮುಚ್ಚಿ ಈ ಮಟ್ಟಕ್ಕೆ ಕಾಯಿಸಿ ಶುಚಿಮಾಡುವುದುಂಟು. ನಮ್ಮ ಬಿಸಿಲು ಹಲಗೆಯ ಮೇಲ್ಮೈಯನ್ನು ಕಾಯಿಸೀತೇ ಹೊರತು ಬಿರುಕಿನ ಆಳವನ್ನು ಮುಟ್ಟಲಾರದು. ಆದಕಾರಣ ಬಿಸಿಲಿಗಿಂತ ಕುದಿನೀರನ್ನೇ ನಂಬಬೇಕು. ಬೆಸುಗೆಯವರ ಊದುದೀಪವನ್ನು ಉಪಯೋಗಿಸುವವರೂ ಇದ್ದಾರೆ. ಕಬ್ಬಿಣದ ಗೂಡಿಗಾದರೆ ಅದು ಸರಿಯೇ. ಮರದ ಗೂಡಿಗೆ, ಅದರಲ್ಲಿಯೂ ಸೋಗೆಯೋ ಹುಲ್ಲೋ ಹೊದಿಸಿದ ಗೂಡಿಗೆ, ನುಸಿಯೊಡನೆ ಗೂಡನ್ನೂ ಸುಡುವ ಸಂಭವವುಂಟು.

ನೀರಿನ ಕೆಲಸವಾದ ಮೇಲೆ ಸೋಪಿನ ನೀರಿನಿಂದ ಉಜ್ಜಿ ತೊಳೆದು ಚೆನ್ನಾಗಿ ಒಣಗಿಸಿ, ಗೋಡೆಗಳಿಗೆ ಸುಣ್ಣವನ್ನು ಬಳಿಯಬಹುದು. ಸುಣ್ಣಕ್ಕೆ ವಿಷದ ಶಕ್ತಿಯಿದೆಯೆಂಬ ನಂಬಿಕೆಗಿಂತ, ಅದು ಬಿರುಕುಗಳನ್ನು ತುಂಬಿ ಮುಚ್ಚುತ್ತದೆಂಬುದೇ ಅದರ ನಿಜವಾದ ಪ್ರಯೋಜನವೆಂದು ನಾವು ತಿಳಿಯುತ್ತೇವೆ. ಹಸಿಯ ಸುಣ್ಣವು ಕೋಳಿಯ ಕಾಲನ್ನೂ ಕಣ್ಣನ್ನೂ ಸುಡುವುದರಿಂದ ಪೂರ್ತಿ ಒಣಗುವ ತನಕ ಕೋಳಿಗಳನ್ನು ಒಳಕ್ಕೆ ಬಿಡಕೂಡದು. ಅಡ್ಡಗೋಲಿನ ತುದಿಗಳಿಗೂ ಅದನ್ನು ಹೊರುವ ಗೂಟಗಳಿಗೂ ಹೊಂಗೆಯೆಣ್ಣೆಯನ್ನೋ ಬೇವಿನೆಣ್ಣೆಯನ್ನೋ ದಪ್ಪವಾಗಿ ಬಳಿದರೆ, ಅದರಲ್ಲಿ ಸಿಕ್ಕಿಕೊಂಡ ನುಸಿಯು ಉಸಿರುಕಟ್ಟಿ ಸಾಯುವುದು.

ಇಷ್ಟನ್ನು ಶ್ರದ್ಧೆಯಿಂದ ಮಾಡಿದವರೂ ಸೋಲುವುದು ಇದಾದ ಮೇಲಿನ ಹೆಜ್ಜೆಯಲ್ಲಿ. ಒಂದು ಭಾನುವಾರ ಇಡೀ ದಿನ ದುಡಿದು, ಮರುದಿನ ನುಸಿ ಕಾಣದಿರಲು ಸಂತೋಷಪಟ್ಟು, ಮೂರು ವಾರಗಳ ಮೇಲೆ ಮತ್ತೆ ಅದೇ ಕೆಂಪು ಗೆರೆಗಳನ್ನು ಕಂಡು ಔಷಧವನ್ನು ಶಪಿಸುವರು. ಯಾವ ದ್ರವ, ಯಾವ ಪುಡಿಯೂ ಎಲ್ಲ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಉಳಿದ ಮೊಟ್ಟೆಗಳು ಒಡೆದು, ಮರಿಗಳು ಬೆಳೆದು ತಾವು ಮೊಟ್ಟೆಯಿಡುವುದಕ್ಕೆ ಮುಂಚೆ ಎರಡನೆಯ ಸಲ ಅದೇ ಕೆಲಸವನ್ನು ಮಾಡಬೇಕು. ಅಂದರೆ ಐದನೆಯ ಅಥವಾ ಆರನೆಯ ದಿನ. ಮೂರನೆಯ ಸಲ ಮತ್ತೈದು ದಿನಗಳ ಮೇಲೆ. ಎರಡನೆಯದೂ ಮೂರನೆಯದೂ ಮೊದಲಿನಷ್ಟು ದೊಡ್ಡ ಕೆಲಸಗಳಲ್ಲ, ಆದರೆ ಅವುಗಳನ್ನು ಬಿಟ್ಟರೆ ಮೊದಲನೆಯದು ಮಾಡದಂತೆಯೇ.

ಎರಡನೆಯ ಪಂಗಡದ ನುಸಿಗಳು ಹೀಗಲ್ಲ. ಇವು ಕೋಳಿಯ ಪುಕ್ಕಗಳ ನಡುವೆಯೇ ಹುಟ್ಟಿ, ಅಲ್ಲಿಯೇ ಬೆಳೆದು, ಅಲ್ಲಿಯೇ ಮೊಟ್ಟೆಯಿಡುವುವು. ನಮ್ಮಂಥ ಉಷ್ಣದೇಶಗಳಲ್ಲಿ ಕಾಣುವ ಒಂದು ಜಾತಿಯು ಕೋಳಿಯ ಮೈಮೇಲಲ್ಲದೆ ಮಂಕರಿಯ ಹುಲ್ಲಿನಲ್ಲಿಯೂ ಮೊಟ್ಟೆಗಳನ್ನಿಡುವುದುಂಟು. ಇವುಗಳನ್ನು ಹಗಲಿನಲ್ಲಿಯೇ ನೋಡಬಹುದು. ಕೋಳಿಯನ್ನು ತಲೆಕೆಳಗಾಗಿ ಮೆಲ್ಲಗೆ ಹಿಡಿದು ಗುದದ್ವಾರದ ಸುತ್ತಲಿನ ಪುಕ್ಕಗಳನ್ನು ಬಿಡಿಸಿದರೆ, ಬುಡದಲ್ಲಿ ಕಪ್ಪಗೆ ಮಸಿ ಬಳಿದಂತೆ ಕಾಣುವುದು. ಚರ್ಮವು ಹೆಪ್ಪುಗಟ್ಟಿ ಒಡೆದಿರುವುದು. ಹಿಡಿದವರ ಕೈಯ ಮೇಲೆ ಕ್ಷಣಮಾತ್ರದಲ್ಲಿ ಹುಡಿಯಂಥ ಪ್ರಾಣಿಗಳು ಹರಿದಾಡತೊಡಗುವುವು. ಇಲ್ಲಿ ಗೂಡನ್ನು ತೊಳೆಯುವುದರಿಂದ ಮಾತ್ರ ಪ್ರಯೋಜನವಾಗದು. ಪಶುವೈದ್ಯರು ಸೂಚಿಸಿದ ಪುಡಿಯನ್ನೋ ದ್ರವವನ್ನೋ ಪ್ರತಿಯೊಂದು ಕೋಳಿಗೂ, ಪುಕ್ಕದ ಬುಡಕ್ಕೆ ಮುಟ್ಟುವಂತೆ, ಹಚ್ಚಬೇಕು. ಹತ್ತು ಕೋಳಿಗಳಲ್ಲಿ ಒಂಬತ್ತಕ್ಕೆ ಹಚ್ಚಿ ಒಂದನ್ನು ಹಿಡಿಯಲಾಗಲಿಲ್ಲವೆಂದು ಬಿಟ್ಟರೆ ಆ ಒಂದರಿಂದ ಉಳಿದ ಒಂಬತ್ತಕ್ಕೂ ಮರಳಿ ಹತ್ತುವುದು. ಹುಂಜನನ್ನು ಮರೆಯತಕ್ಕುದಲ್ಲ; ಅನೇಕ ಮನೆಗಳಲ್ಲಿ ಅವನೇ ನುಸಿಯ ಭಂಡಾರ.

ಮೂರನೆಯದಾದ ಕಾಲುನುಸಿಯು ಕಣ್ಣಿಗೆ ಕಾಣದು. ಅದು ಮಾಡಿದ ಕೆಲಸ ಮಾತ್ರ ದೂರದಿಂದಲೇ ಕಾಣುವುದು. ಆರೋಗ್ಯವುಳ್ಳ ಕೋಳಿಯ ಕಾಲಿನ ಹುರುಪೆಗಳು ಹೆಂಚು ಹೊದಿಸಿದಂತೆ ನಯವಾಗಿ ಒಂದರ ಮೇಲೊಂದು ಕುಳಿತಿರುವುವು. ನುಸಿಯು ಅವುಗಳ ಕೆಳಗೆ ಸುರಂಗವನ್ನು ತೋಡಿದಾಗ ಹುರುಪೆಗಳು ಎದ್ದು ನಿಂತು, ಅವುಗಳ ನಡುವೆ ಬಿಳಿಯ ಸುಣ್ಣದಂಥ ಪದಾರ್ಥವು ಕೂಡಿ, ಕಾಲು ದಪ್ಪನಾಗಿ ವಿಕಾರವಾಗುವುದು. ಮುದಿಕೋಳಿಯ ಲಕ್ಷಣವೆಂದು ಇದನ್ನು ಕಡೆಗಣಿಸುವವರೇ ಹೆಚ್ಚು. ಬಿಟ್ಟರೆ ಕೋಳಿಯು ಕುಂಟಿ, ಕೊನೆಗೆ ಬೆರಳುಗಳನ್ನೇ ಕಳೆದುಕೊಳ್ಳಬಹುದು. ಚಿಕಿತ್ಸೆಯು ಸುಲಭ, ಆದರೆ ತಾಳ್ಮೆ ಬೇಕು. ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಕಾಲನ್ನು ಹತ್ತು ನಿಮಿಷ ನೆನೆಯಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ, ತಾನಾಗಿ ಬರುವ ಹೆಪ್ಪನ್ನು ಮಾತ್ರ ತೆಗೆದು, ಒರಸಿ, ಕೊಬ್ಬರಿಯೆಣ್ಣೆಯನ್ನೋ ವ್ಯಾಸಲೀನನ್ನೋ ಹುರುಪೆಗಳ ಸಂದಿಗೆ ಇಳಿಯುವಂತೆ ಲೇಪಿಸಬೇಕು. ಗಾಳಿಯಿಲ್ಲದೆ ನುಸಿಯು ಒಳಗೇ ಸಾಯುವುದು. ಎರಡು ಮೂರು ದಿನಗಳಿಗೊಮ್ಮೆಯಂತೆ ನಾಲ್ಕಾರು ವಾರ ಹೀಗೆ ಮಾಡತಕ್ಕುದು. ಹುರುಪೆಯನ್ನು ಬಲವಂತವಾಗಿ ಕಿತ್ತು ರಕ್ತ ಬರಿಸುವುದೂ, ಕಾಲನ್ನು ಸೀಮೆಎಣ್ಣೆಯಲ್ಲಿ ಅದ್ದುವುದೂ ಹಳೆಯ ಕ್ರಮಗಳು. ಎರಡರಿಂದಲೂ ಕೋಳಿಗೆ ಉರಿಯೇ ಹೆಚ್ಚು. ನುಸಿಯೆಲ್ಲ ಸತ್ತಮೇಲೂ ಕಾಲಿನ ಅಂದವು ಮರಳುವುದಕ್ಕೆ ತಿಂಗಳುಗಳು ಹಿಡಿಯುವುವು. ಆದಕಾರಣ ಗುಣವಾಗಲಿಲ್ಲವೆಂದು ಅವಸರಪಟ್ಟು ಔಷಧವನ್ನು ಬದಲಿಸಬೇಕಾದುದಿಲ್ಲ.

ಔಷಧಗಳ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏತಕ್ಕೆಂದರೆ ಹಿತ್ತಲ ಕೋಳಿಯ ಮೊಟ್ಟೆಯನ್ನು ನಾವು ಮಾರುವುದಕ್ಕಲ್ಲ, ಮನೆಯ ಮಕ್ಕಳಿಗೆ ಕೊಡುವುದಕ್ಕೆ ಸಾಕುತ್ತೇವೆ. ಕೋಳಿಯ ಮೈಗೆ ಸವರಿದ ವಿಷವು ಮೊಟ್ಟೆಯ ಹಳದಿಯಲ್ಲಿ ಕುಳಿತು ಅದೇ ಮಕ್ಕಳ ತಟ್ಟೆಗೆ ಬರುವುದಾದರೆ ಕೋಳಿಯನ್ನು ಸಾಕಿ ಆದ ಲಾಭವೇನು? ಒಂದು ಕಾಲದಲ್ಲಿ ನಮ್ಮಲ್ಲಿ ಗ್ಯಾಮೆಕ್ಸಿನ್ ಪುಡಿಯು ಮನೆಮನೆಗೂ ಪರಿಚಿತವಾಗಿತ್ತು. ತಿಗಣೆಗೂ ಅದೇ, ಇರುವೆಗೂ ಅದೇ, ಕೋಳಿಗೂ ಅದೇ. ಆ ಪುಡಿಯ ಮೂಲದ್ರವ್ಯವಾದ ಬಿ.ಎಚ್.ಸಿ.ಯನ್ನು ಭಾರತದಲ್ಲಿ ೧೯೯೭ರಲ್ಲಿ ನಿಷೇಧಿಸಲಾಯಿತು. ಅದರ ತರುವಾಯ ಕೋಳಿಗಳಿಗೆ ಬಹುಕಾಲ ಬಳಕೆಯಲ್ಲಿದ್ದ ಕಾರ್ಬರಿಲ್ ಎಂಬ ಪುಡಿಯೂ ೨೦೧೮ರಲ್ಲಿ ನಿಷಿದ್ಧವಾಯಿತು. ಹಳೆಯ ಪುಸ್ತಕಗಳಲ್ಲಿ ಇವೆರಡರ ಪ್ರಶಂಸೆ ಇನ್ನೂ ಉಳಿದಿರುವುದರಿಂದ, ಅಟ್ಟದ ಮೇಲೆ ಯಾವುದಾದರೊಂದು ಡಬ್ಬಿ ಸಿಕ್ಕೀತೆಂದು ಹುಡುಕತಕ್ಕವರಿಗಾಗಿ ಇದನ್ನು ಹೇಳಿದೆವು.

ಇದು ಬರಿಯ ಹೆದರಿಕೆಯ ಮಾತಲ್ಲವೆಂಬುದಕ್ಕೆ ಯೂರೋಪಿನ ಒಂದು ಸಂಗತಿಯನ್ನು ನೆನೆಯಬಹುದು. ೨೦೧೭ರ ಬೇಸಗೆಯಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ದೇಶಗಳ ಮೊಟ್ಟೆಗಳಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕವಿರುವುದು ಬಯಲಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಅಲ್ಲಿ ಬಳಸುವಂತಿಲ್ಲ. ಕೋಳಿಮನೆಗಳಿಂದ ನಮ್ಮ ಈ ಕೆಂಪು ನುಸಿಯನ್ನು ತೊಲಗಿಸುವುದಕ್ಕೆಂದು ಸಿಂಪಡಿಸಿದ ದ್ರವದಲ್ಲಿ ಅದು ಬೆರೆತಿತ್ತು. ಲಕ್ಷಗಟ್ಟಲೆ ಮೊಟ್ಟೆಗಳನ್ನು ನಾಶಮಾಡಬೇಕಾಯಿತು. ಅನೇಕ ದೇಶಗಳ ಅಂಗಡಿಗಳಿಂದ ಮೊಟ್ಟೆಗಳನ್ನು ಹಿಂದಕ್ಕೆ ತೆಗೆದುಕೊಂಡರು. ನಮ್ಮ ಪಟ್ಟಣಗಳಲ್ಲಿ ನಾಯಿಯ ಉಣ್ಣೆಗೆಂದು ಮಾರುವ ಹನಿಮದ್ದುಗಳಲ್ಲಿ ಕೆಲವು ಇದೇ ಫಿಪ್ರೊನಿಲ್ಲಿನಿಂದ ಮಾಡಿದವು. ನಾಯಿಗೆ ಒಳ್ಳೆಯದಾದುದು ಕೋಳಿಗೂ ಒಳ್ಳೆಯದೆಂದು ಎರಡು ಹನಿ ಹಾಕುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟಿರಬೇಕು.

ಹಾಗಾದರೆ ಯಾವುದನ್ನು ಬಳಸಬಹುದು? ಸೇವಂತಿಗೆಯ ಬಳಗದ ಒಂದು ಹೂವಿನಿಂದ ತೆಗೆಯುವ ಪೈರೆಥ್ರಮ್ಮೂ, ಅದನ್ನನುಸರಿಸಿ ಕೃತಕವಾಗಿ ಮಾಡಿದ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಮುಂತಾದುವೂ ಈಗ ಹೆಚ್ಚು ಬಳಕೆಯಲ್ಲಿವೆ. ಇವುಗಳನ್ನು ಗೂಡಿಗೆ ಸಿಂಪಡಿಸುವಾಗ ನೀರು ಕಾಳುಗಳ ಪಾತ್ರೆಗಳನ್ನೂ ಮೊಟ್ಟೆಗಳನ್ನೂ ಹೊರಗಿಟ್ಟು, ಪಶುವೈದ್ಯರು ಹೇಳಿದ ಪ್ರಮಾಣವನ್ನು ಒಂದಿನಿತೂ ಮೀರದೆ ನೀರಿನಲ್ಲಿ ಬೆರಸಬೇಕು. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ನಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಅದು ಬೆಕ್ಕಿಗೆ ಪ್ರಾಣಾಂತಿಕವಾದ ವಿಷ. ಮೀನಿನ ತೊಟ್ಟಿಗೂ ಹಾಗೆಯೇ. ಒಂದೇ ಔಷಧವನ್ನು ವರ್ಷಗಟ್ಟಲೆ ಬಳಸಿದಲ್ಲಿ ನುಸಿಗಳು ಅದಕ್ಕೆ ಒಗ್ಗಿಕೊಂಡು ಸಾಯದಿರುವುದೂ ಹಲವು ದೇಶಗಳಲ್ಲಿ ಅನುಭವಕ್ಕೆ ಬಂದಿದೆ. ಐವರ್ಮೆಕ್ಟಿನ್ ಎಂಬ ಔಷಧವು ಕಾಲುನುಸಿಗೆ ಗುಣಕಾರಿ, ಆದರೆ ಅದು ಮೊಟ್ಟೆಯಲ್ಲಿ ಉಳಿಯುವುದು. ಕೊಟ್ಟಮೇಲೆ ಎಷ್ಟು ದಿನ ಮೊಟ್ಟೆಯನ್ನು ತಿನ್ನಬಾರದೆಂಬುದನ್ನು ಪಶುವೈದ್ಯರಿಂದ ಕೇಳಿಕೊಳ್ಳದೆ ಅದನ್ನು ಮುಟ್ಟಲೇಬಾರದು. ಕುಡಿಯುವ ನೀರಿನಲ್ಲಿ ಏಳು ದಿನಗಳ ಅಂತರದಿಂದ ಎರಡು ಸಲ ಕೊಡುವ ಫ್ಲುರಲನರ್ ಎಂಬ ಹೊಸ ಔಷಧಕ್ಕೆ ೨೦೧೭ರಲ್ಲಿ ಯೂರೋಪಿನ ಒಕ್ಕೂಟವು ಅನುಮತಿ ಕೊಟ್ಟಿತು. ಕೋಳಿಯ ರಕ್ತವನ್ನು ಕುಡಿದ ನುಸಿಯು ಆ ರಕ್ತದಿಂದಲೇ ಸಾಯುವ ಹಾಗೆ ಮಾಡುವುದು ಇದರ ತಂತ್ರ.

ನಮ್ಮ ಹಳ್ಳಿಗಳ ಕ್ರಮಗಳನ್ನು ಕುರಿತು ಕೇಳುವವರುಂಟು. ಕಾವಿನ ಮಂಕರಿಯಲ್ಲಿ ಬೇವಿನ ಸೊಪ್ಪನ್ನೋ ಲಕ್ಕಿಸೊಪ್ಪನ್ನೋ ಹಾಸುವ ಪದ್ಧತಿಯು ನಮಗೆ ಮೆಚ್ಚಿಕೆಯಾದುದು. ಅದರಿಂದ ಕೆಡುಕಿಲ್ಲ, ನುಸಿಯು ಹತ್ತದಂತೆ ಸ್ವಲ್ಪ ತಡೆದೀತು. ಹತ್ತಿ ಹೆಚ್ಚಿದ ನುಸಿಯನ್ನು ಸೊಪ್ಪು ತೊಲಗಿಸೀತೆಂದು ಮಾತ್ರ ಎಣಿಸಬಾರದು. ಹೊಗೆಸೊಪ್ಪಿನ ಕಷಾಯದ ಮಾತು ಬೇರೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿಯೂ ಅದರ ಸಾರವಾದ ನಿಕೋಟಿನ್ ಸಲ್ಫೇಟನ್ನು ಅಡ್ಡಗೋಲುಗಳಿಗೆ ಬಳಿಯುತ್ತಿದ್ದರು. ಹುಳುಗಳು ಸಾಯುತ್ತಿದ್ದುದು ನಿಜ. ಆದರೆ ನಿಕೋಟಿನ್ ಮನುಷ್ಯರ ಚರ್ಮದ ಮೂಲಕವೂ ಒಳಹೋಗುವ ಉಗ್ರವಾದ ವಿಷ. ಸೀತಾಫಲದ ಬೀಜದ ಪುಡಿಯೂ ಕಣ್ಣಿಗೆ ಬಿದ್ದರೆ ಬಹು ಅಪಾಯಕರ. ಗಿಡದಿಂದ ಬಂದುದೆಲ್ಲ ಸೌಮ್ಯವೆಂದೂ ಸೀಸೆಯಿಂದ ಬಂದುದೆಲ್ಲ ಕ್ರೂರವೆಂದೂ ವಿಂಗಡಿಸುವುದಕ್ಕೆ ಆಧಾರವಿಲ್ಲ.

ಔಷಧಕ್ಕಿಂತ ಮೊದಲು ಕೋಳಿಗೆ ಅದರದೇ ಆದ ಎರಡು ರಕ್ಷಣೆಗಳಿರುವುವು: ಕೊಕ್ಕು ಮತ್ತು ಧೂಳು. ಕೋಳಿಯು ಬಿಡುವಾದಾಗಲೆಲ್ಲ ಪುಕ್ಕಗಳನ್ನು ಕೊಕ್ಕಿನಿಂದ ತೀಡುತ್ತಿರುವುದು ಅಲಂಕಾರಕ್ಕಾಗಿಯಲ್ಲ; ಮೇಲ್ಕೊಕ್ಕಿನ ಬಾಗಿದ ತುದಿಯು ನುಸಿಯನ್ನು ಹೆಕ್ಕುವ ಚಿಮಟ. ದೊಡ್ಡ ಸಾಕಣೆಗಳಲ್ಲಿ ಕೊಕ್ಕಿನ ತುದಿಯನ್ನು ಕತ್ತರಿಸಿದ ಕೋಳಿಗಳ ಮೇಲೆ ನುಸಿಗಳು ಬಹುಪಾಲು ಹೆಚ್ಚಾಗಿರುವುದು ಅಮೆರಿಕದ ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅಂಥ ಕೋಳಿಗಳನ್ನು ಕೊಂಡು ತಂದವರು ಹೆಚ್ಚು ಸಲ ಪರೀಕ್ಷಿಸುತ್ತಿರಬೇಕು. ಇನ್ನು ಧೂಳುಸ್ನಾನ. ಸಿಮೆಂಟು ಹಾಸಿದ ಪಟ್ಟಣದ ಹಿತ್ತಲಲ್ಲಿ ಕೋಳಿಗೆ ಹೊರಳಾಡಲು ಧೂಳೇ ಸಿಕ್ಕುವುದಿಲ್ಲವಾದ್ದರಿಂದ, ಮಳೆ ಬೀಳದ ಕಡೆ ಒಂದು ಅಗಲವಾದ ಪೆಟ್ಟಿಗೆಯಲ್ಲಿ ಒಣಮರಳು, ಜರಡಿ ಹಿಡಿದ ಮಣ್ಣು, ಆರಿದ ಸೌದೆಯ ಬೂದಿ ಇವುಗಳನ್ನು ಒಂದು ಗೇಣು ದಪ್ಪಕ್ಕೆ ತುಂಬಿಡಬೇಕು. ಇದರಲ್ಲಿ ಹತ್ತು ಪಾಲಿಗೆ ಒಂದು ಪಾಲು ಗಂಧಕದ ಪುಡಿಯನ್ನು ಬೆರಸಿದರೆ ಬಹಳ ಪ್ರಯೋಜನ. ಕ್ಯಾಲಿಫೋರ್ನಿಯದಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಂಧಕ ಬೆರಸಿದ ಪೆಟ್ಟಿಗೆಯಿಟ್ಟಾಗ ಮೈಮೇಲಿನ ನುಸಿಗಳೂ ಹೇನುಗಳೂ ಬಹುಮಟ್ಟಿಗೆ ತೊಲಗಿದುವು; ಪೆಟ್ಟಿಗೆಯನ್ನು ಹೊಗದ ಕೋಳಿಗಳಿಗೂ ಜೊತೆಯವುಗಳ ಮೈಯಿಂದ ಉದುರಿದ ಪುಡಿಯ ಪ್ರಯೋಜನ ದೊರೆಯಿತು. ಗಂಧಕವನ್ನು ಬೆರಸುವಾಗ ಕಣ್ಣು ಮೂಗುಗಳನ್ನು ಬಟ್ಟೆಯಿಂದ ರಕ್ಷಿಸಿಕೊಳ್ಳಬೇಕು. ಕೋಳಿಗಳಿರುವ ಗೂಡಿನಲ್ಲಿ ಅದನ್ನು ಉರಿಸಿ ಹೊಗೆ ಹಾಕುವುದಂತೂ ಸರ್ವಥಾ ಕೂಡದು.

ಹೊಸದಾಗಿ ಗೂಡು ಕಟ್ಟಿಸತಕ್ಕವರು ಬಡಗಿಗೆ ಒಂದೇ ಸೂಚನೆಯನ್ನು ಕೊಟ್ಟರೆ ಸಾಕು: ಸಂದುಗಳು ಕಡಮೆಯಾಗಿರಲಿ, ಇರುವುವೆಲ್ಲ ಬಿಚ್ಚುವುದಕ್ಕೆ ಬರಲಿ. ಅಡ್ಡಗೋಲನ್ನು ಮೊಳೆ ಹೊಡೆದು ಕೂರಿಸದೆ ಕೊಕ್ಕೆಗಳ ಮೇಲೆ ಇರಿಸಿದರೆ ವಾರಕ್ಕೊಮ್ಮೆ ಎತ್ತಿ ನೋಡಬಹುದು. ತೊಗಟೆಯಿರುವ ಕೊಂಬೆಗಿಂತ ನಯವಾಗಿ ಹೆರೆದ ಗಳು ಮೇಲು. ಜೋಡಿ ಹಲಗೆಯ ಗೋಡೆ, ಅದರ ನಡುವೆ ಬೆಚ್ಚಗಿರಲೆಂದು ತುಂಬಿದ ಹುಲ್ಲು, ಚಾಪೆಯ ಹೊದಿಕೆ, ಇವು ನೋಡುವುದಕ್ಕೆ ಚೆಂದ, ನುಸಿಗೆ ಅರಮನೆ.

ನಾವು ಎಷ್ಟೇ ಶುಚಿಯಾಗಿದ್ದರೂ ನುಸಿಯು ಆಕಾಶಮಾರ್ಗವಾಗಿ ಬರಬಹುದು. ಗುಬ್ಬಚ್ಚಿ, ಮೈನಾ, ಪಾರಿವಾಳಗಳ ಗೂಡುಗಳಲ್ಲಿ ಇವೇ ಜಾತಿಯ ನುಸಿಗಳಿರುವುದುಂಟು. ಮರಿಗಳು ಹಾರಿಹೋಗಿ ಗೂಡು ಬರಿದಾದಾಗ ಹಸಿದ ನುಸಿಗಳು ಹೊರಟು ಕೆಳಗಿನ ಕೋಳಿಗೂಡನ್ನು ಹುಡುಕುವುವು. ಅಂದಮೇಲೆ ಕೋಳಿಗೂಡಿನ ಸೂರಿನಲ್ಲಿ ಹಕ್ಕಿಗಳು ಗೂಡು ಕಟ್ಟದಂತೆ ಸಣ್ಣ ಕಣ್ಣಿನ ತಂತಿಬಲೆಯನ್ನು ಹೊಡೆಸುವುದು ಲೇಸು. ಕೋಳಿಯನ್ನೇ ಸಾಕದ ಮಹಡಿಮನೆಗಳವರಿಗೂ ಇದರಿಂದ ತೊಂದರೆಯಾಗುವುದುಂಟು. ಕಿಟಕಿಯ ಹೊರಗೆ ಹವಾನಿಯಂತ್ರಣದ ಪೆಟ್ಟಿಗೆಯ ಮೇಲೆ ಪಾರಿವಾಳವು ಮರಿ ಮಾಡಿ ಹಾರಿಹೋದ ಕೆಲವು ದಿನಗಳಲ್ಲಿ, ಮನೆಯವರಿಗೆ ಕುತ್ತಿಗೆ ತೋಳುಗಳ ಮೇಲೆ ಕೆಂಪು ಗುಳ್ಳೆಗಳೆದ್ದು ರಾತ್ರಿಯೆಲ್ಲ ನವೆಯಾಗುವುದು. ತಿಗಣೆಯೆಂದು ಮಂಚಗಳನ್ನೆಲ್ಲ ಬಿಸಿಲಿಗೆ ಹಾಕಿದರೂ ನಿಲ್ಲದು. ನುಸಿಯು ಮನುಷ್ಯರನ್ನು ಕಚ್ಚಬಲ್ಲದಾದರೂ ನಮ್ಮ ಮೈಮೇಲೆ ನೆಲಸಿ ವಂಶಾಭಿವೃದ್ಧಿ ಮಾಡಲಾರದು. ಪಾಳುಗೂಡನ್ನು ತೆಗೆದು ಆ ಸ್ಥಳವನ್ನು ತೊಳೆದರೆ ನವೆಯೂ ನಿಲ್ಲುವುದು.

ಕೊನೆಯದಾಗಿ ಸಂತೆಯಿಂದ ತರುವ ಕೋಳಿ. ಅದನ್ನು ಬಂದ ದಿನವೇ ಉಳಿದವುಗಳ ಜೊತೆಗೆ ಬಿಡದೆ, ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಬೇರೆ ಪಂಜರದಲ್ಲಿ ಮೂರು ವಾರ ಇರಿಸಿ, ವಾರಕ್ಕೊಮ್ಮೆ ಬಾಲದ ಬುಡವನ್ನೂ ಕಾಲುಗಳನ್ನೂ ನೋಡಿ ಶುದ್ಧವೆಂದು ಕಂಡಮೇಲೆ ಸೇರಿಸತಕ್ಕುದು. ಕೋಳಿಯನ್ನು ತಂದ ಪಂಜರವನ್ನೂ ಕಾಲು ಕಟ್ಟಿದ ಹಗ್ಗವನ್ನೂ ಅದೇ ದಿನ ಕುದಿನೀರಿಗೆ ಹಾಕಬೇಕು. ಯಾರಾದರೂ ಕೋಳಿ ಸಾಕುವುದನ್ನು ಬಿಟ್ಟು ತಮ್ಮ ಹಳೆಯ ಗೂಡನ್ನು ಅರ್ಧ ಬೆಲೆಗೆ ಕೊಡುತ್ತೇವೆಂದರೆ, ಅದು ಆರು ತಿಂಗಳಿಂದ ಖಾಲಿಯಿದೆಯೆಂದು ಅವರು ಎಷ್ಟು ಹೇಳಿದರೂ, ಅಡ್ಡಗೋಲಿನ ತುದಿಯನ್ನು ಬಿಚ್ಚಿ ಬಿಳಿಯ ಕಾಗದದ ಮೇಲೆ ಎರಡು ಸಲ ತಟ್ಟಿ ನೋಡಿದ ಮೇಲೆ ಬೆಲೆಯ ಮಾತನ್ನಾಡುವುದು ಒಳ್ಳೆಯದು.